ಕೆಂಪು ಕಿಂಡಿಯಲ್ಲಿ ಎಂಟು

ಹಳೇ ಡಬ್ಬಿ ಕ್ಯಾಮರಾ ಕೈಗೆ ಬಂದರೆ ಮೊದಲು ಅದರ ಬೆನ್ನಿಗಿರುವ ಕೆಂಪು ಗಾಜಿನ ಕಿಂಡಿ ನೋಡಬೇಕು. ಅಲ್ಲಿ ಅಂಕಿ ಕಂಡರೆ ಒಳಗೆ ರೋಲ್ ಇದೆ ಎಂದರ್ಥ, ಗುಂಡಿ ಮುಟ್ಟಬಾರದು. ಗಾಂಧಿ ಚೌಕದಲ್ಲಿ ಹದಿನೆಂಟು ವರ್ಷದಿಂದ ಸ್ಟುಡಿಯೋ ನಡೆಸುವ ಸಂಗನಬಸವನಿಗೆ ಇದು ಗೊತ್ತಿಲ್ಲದ ಮಾತೇ? ಗೊತ್ತಿತ್ತು. ಆದರೂ ಆ ಮಂಗಳವಾರ ಮಧ್ಯಾಹ್ನ ಒತ್ತಿಬಿಟ್ಟ. ತಪ್ಪು ಅವನದೇ. ಬೇಕಾದರೆ ಅರ್ಧ ತಪ್ಪು ಒಂದು ನಗುವಿನದು ಅನ್ನಿ.

ನಗು ಶಾಂಭವಿಯದು. ಜೋರಾಪುರ ಪೇಟೆಯವಳು. ತಿಕೋಟಾದ ಒಣದ್ರಾಕ್ಷಿ ಘಟಕದಲ್ಲಿ ದ್ರಾಕ್ಷಿ ಆರಿಸುವ ಹೆಂಗಸರ ಮೇಲ್ವಿಚಾರಕಿ. ಅವಳ ಗಂಡ ಶ್ರೀಮಂತ ಬಬಲೇಶ್ವರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು, ತೀರಿಕೊಂಡು ಮೂರು ವರ್ಷ. ಅವನು ಕೂಡಿಟ್ಟಿದ್ದ ಹನ್ನೊಂದು ಜಪಾನಿ ಡಬ್ಬಿ ಕ್ಯಾಮರಾಗಳನ್ನು ಎರಡು ಚೀಲದಲ್ಲಿ ಹೊತ್ತು ತಂದಿದ್ದಳು. ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ, ಒರೆಸಿ ಕೊಡಿ ಎಂದಳು.

"ಎಲ್ಲಾ ಒಂದ ಥರಾ ಅದಾವ. ಒಬ್ಬ ಮನಶ್ಯಾಗ ಹನ್ನೊಂದು ಯಾಕ ಬೇಕ್ರಿ?"

"ಒಂದ ಥರಾ ಅಲ್ರಿ," ಸಂಗನಬಸವನಿಗೆ ಹುರುಪು ಬಂತು. "ಅಚ್ಚು ಒಂದ, ಹೆಸರಿನ ಪಟ್ಟಿ ಬ್ಯಾರೆ. ಇದಕ್ಕ ಹಸರು ಹೊದಿಕಿ, ಇದಕ್ಕ ಕೆಂಪು. ಇದರಾಗ ಸೂರ್ಯಾ, ಮ್ವಾಡ ಅಂತ ಎರಡು ಚಿತ್ರಾ ಅದಾವ ನೋಡ್ರಿ. ಬಿಸಲಿದ್ದರ ಕಡ್ಡಿ ಇತ್ತಾಗ, ಮ್ವಾಡ ಇದ್ದರ ಅತ್ತಾಗ. ಜಪಾನದಾಗ ಸಣ್ಣ ಹುಡುಗೂರಿಗಂತ ಸಸ್ತಾದಾಗ ಮಾಡಿದ್ದ್ರು."

"ಹುಡುಗೂರಿಗೆ?"

"ಹುಡುಗೂರಿಗೆ, ಮತ್ತ ಡ್ರಾಯಿಂಗ್ ಮಾಸ್ತರಿಗೆ."

ಅವಳ ತುಟಿಯ ಒಂದು ಮೂಲೆ ಅಲುಗಿತು. ಅಷ್ಟು ಸಾಕಾಯಿತು ಈ ಪುಣ್ಯಾತ್ಮನಿಗೆ. ಹನ್ನೊಂದನೆಯ ಕ್ಯಾಮರಾ ಎತ್ತಿ ಹೊಟ್ಟೆಗೆ ಆನಿಸಿ, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಿದ. ಹೊಸ್ತಿಲ ಬಿಸಿಲಲ್ಲಿ ಶಾಂಭವಿ ಬೆರಳುದ್ದ ಕಾಣುತ್ತಿದ್ದಳು. ಆ ಗಾಜಿನಲ್ಲಿ ಎಡ ಬಲ ಅದಲುಬದಲು. ಅವಳು ಆ ಕಡೆ ಸರಿದರೆ ಇವನು ಈ ಕಡೆ ತಿರುಗಿದ. ಮತ್ತೆ ತಿರುಗಿದ, ಮತ್ತೆ ತಪ್ಪಿದ.

"ಏನ್ರಿ, ಕುಣ್ಯಾಕತ್ತೀರೇನ?" ಎಂದು ಅವಳು ನಕ್ಕೇಬಿಟ್ಟಳು. ಸೆರಗು ಬಾಯಿಗೆ ಒಯ್ಯುವಷ್ಟರಲ್ಲಿ ಕಟಕ್ ಎಂದಿತು.

ಆಮೇಲೆ ಅವನು ಕ್ಯಾಮರಾ ತಿರುಗಿಸಿ ನೋಡಿದ್ದು. ಕೆಂಪು ಕಿಂಡಿಯಲ್ಲಿ ಎಂಟು ಎಂಬ ಅಂಕಿ ಇತ್ತು. ಎಂಟೇ ಫೋಟೋ ಹಿಡಿಯುವ ರೋಲು. ಎಂಟನೆಯದನ್ನು ಆಗಲೇ ತೆಗೆದಾಗಿದ್ದರೆ, ಅದರ ಮೇಲೆಯೇ ಇನ್ನೊಂದು ಚಿತ್ರ ಬಿದ್ದಂತಾಯಿತು.

ಶಾಂಭವಿಯೂ ನೋಡಿದಳು. ಅವಳ ನಗು ಎಲ್ಲಿ ಹೋಯಿತೋ. "ರೋಲ್ ಐತೇನ್ರಿ ಅದರಾಗ? ಇದನ್ನ ಅವರು ತೀರಿಕೊಂಡ ದಿನಾ ಮಮದಾಪುರ ಕೆರಿಗೆ ಒಯ್ದಿದ್ರು. ಹೊಳ್ಳಿ ಬರುಮುಂದ ಬಬಲೇಶ್ವರ ಬಸ್ ಸ್ಟ್ಯಾಂಡಿನಾಗ ಕುಂತಾವ್ರು ಹಂಗ ವಾಲಿದ್ರಂತ. ಕ್ಯಾಮರಾ ಅಷ್ಟ ಮನಿಗೆ ಬಂತು." ಅವಳು ಎರಡೂ ಕೈಯಲ್ಲಿ ಗಲ್ಲೆಯ ಮೇಜಿನ ಅಂಚು ಹಿಡಿದುಕೊಂಡಳು. "ಕಡೀಕ ಅವರು ಏನ ನೋಡಿದ್ರು, ನನಗ ಬೇಕ್ರಿ. ಒಂದನೂ ಕೆಡಬಾರದು."

"ಕೆಡೂದಿಲ್ರಿ," ಎಂದ ಸಂಗನಬಸವ. ಎಂಟನೆಯದರ ಮೇಲೆ ತಾನೇ ಒತ್ತಿದ್ದನ್ನು ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ಪರೀಕ್ಷೆ ಮಾಡಿದನೆಂದು ಅವಳು ತಿಳಿದಿದ್ದಳು.

ಎಂಟನೆಯದನ್ನು ಶ್ರೀಮಂತ ತೆಗೆದೇ ಇರದಿರಲಿ ಎಂದು ದೇವರಿಗೆ ಕೈ ಮುಗಿದ. ರೋಲ್ ತೊಳೆಯುವ ಧೈರ್ಯ ಮಾತ್ರ ಬರಲಿಲ್ಲ. ಔಷಧ ಪುಣೆಯಿಂದ ಬರಬೇಕು ಎಂದ. ಬಂತು, ಆದರೆ ಬೇರೆ ನಮೂನೆಯದು ಎಂದ. ಸುಳ್ಳು ಒಂದಕ್ಕೊಂದು ಕೈ ಹಿಡಿದು ಬರುತ್ತವೆ ನೋಡಿ.

ದಿನಾ ಸಂಜೆ ತಿಕೋಟಾ ಬಸ್ ಇಳಿದು ಶಾಂಭವಿ ಕೇಳಲು ಬರುತ್ತಿದ್ದಳು. ಎರಡನೆಯ ವಾರ ಕೇಳುವುದನ್ನು ಮರೆತು ಚಹಾ ಕುಡಿದು ಹೋದಳು. ಮೂರನೆಯ ವಾರ ಕಾಗದದ ಪೊಟ್ಟಣದಲ್ಲಿ ಒಣದ್ರಾಕ್ಷಿ ತಂದಳು.

"ಆರಿಸಿ ತಂದೀನ್ರಿ. ಚಲೋವು."

"ಕೆಟ್ಟವನ್ನ ಯಾರ್ ತಿಂತಾರ್ರಿ?"

"ನಾನು," ಎಂದು ಅವನ ಕಣ್ಣಲ್ಲಿ ಕಣ್ಣಿಟ್ಟು, ಥಟ್ಟನೆ ದೃಷ್ಟಿಯನ್ನು ಚಹಾದ ಕಪ್ಪಿಗೆ ಇಳಿಸಿದಳು. ಆ ಒಂದು ನೋಟವನ್ನು ಅವನು ಮರುದಿನದವರೆಗೆ ಇಟ್ಟುಕೊಂಡ. ಮದುವೆಯ ಮಾತನ್ನೇ ಕೈಬಿಟ್ಟಿದ್ದ ನಲವತ್ತರ ಗಂಡಸಿಗೆ ಎದೆ ಹೀಗೆ ಹೊಡೆದುಕೊಳ್ಳುತ್ತದೆಂದು ಯಾರು ಹೇಳಿದ್ದರು?

ಒಮ್ಮೆ ಅವಳು ದನಿ ತಗ್ಗಿಸಿ ಹೇಳಿದಳು. "ಮೊದಲ ಸಂಜೀಮುಂದ ಅಟ್ಟದಾಗ ಕಟಕ್ ಅಂತಿತ್ತು. ಇಲಿ ಅಂತಾಳ ನಮ್ಮ ಅತ್ತಿ. ಇಲಿ ಹಂಗ ಅಂತಾವೇನ್ರಿ? ಈಗ ಅನ್ನೂದಿಲ್ಲ."

ಸಂಗನಬಸವ ಕಪಾಟಿನ ಕಡೆ ನೋಡಿದ. ಈಗ ಆ ಶಬ್ದ ಅವನ ಅಂಗಡಿಯಲ್ಲಿ ಕೇಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ, ಕಪಾಟಿನ ಕಡೆಯಿಂದ, ಒಂದೇ ಸಲ. ಎದ್ದು ನೋಡಿದರೆ ಹನ್ನೊಂದೂ ತೆಪ್ಪಗೆ ಕೂತಿರುತ್ತಿದ್ದವು.

ಒರೆಸುವಾಗ ಪ್ರತಿ ಕ್ಯಾಮರಾದ ಚರ್ಮದ ಕವಚದಲ್ಲೂ ಒಂದೊಂದು ಚೀಟಿ ಸಿಕ್ಕಿತು. ದುಂಡಗಿನ ಮಾಸ್ತರಿಕೆಯ ಅಕ್ಷರ. "ಬಲಮೂಲೆಯಲ್ಲಿ ಬೆಳಕು ಸೋರುತ್ತದೆ. ಶಾಂಭವಿಗೆ ನಗು ಎಂದೆ, ಮುಖ ಬಿಗಿದಳು." ಇನ್ನೊಂದರಲ್ಲಿ: "ಕಡ್ಡಿ ಬಿಗಿ. ಶಾಂಭವಿ ಇಂದೂ ನಗಲಿಲ್ಲ." ಹತ್ತು ಚೀಟಿಯಲ್ಲೂ ಅದೇ ದೂರು. ಹನ್ನೊಂದನೆಯದರಲ್ಲಿ ದೋಷ ಏನೂ ಬರೆದಿರಲಿಲ್ಲ. "ಇದರಲ್ಲಾದರೂ ನಗಲಿ" ಎಂದಿತ್ತು.

ಅವನು ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬೇಕೆಂದರೆ ಬರಲಿಲ್ಲ. ಇದ್ದಿದ್ದರೆ ದೋಸ್ತನಾಗುತ್ತಿದ್ದ ಅನ್ನಿಸಿತು.

ಮರುದಿನ ಮಧ್ಯಾಹ್ನ ಕತ್ತಲೆ ಕೋಣೆ ಸೇರಿ ರೋಲ್ ತೊಳೆದ. ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತಿತ್ತು. ಅವನು ತಿರುಗಿ ನೋಡಲಿಲ್ಲ. ಏಳು ಫೋಟೋ ಚೊಕ್ಕ ಬಂದವು: ಕೆರೆಯ ಒಡ್ಡು, ಕಲ್ಲಿನ ಮೆಟ್ಟಿಲು, ಕುರಿ ಹಿಂಡು, ನೀರಲ್ಲಿ ನಿಂತ ಬೆಳ್ಳಕ್ಕಿ. ಎಂಟನೆಯದು ಖಾಲಿ ಇರಲಿಲ್ಲ. ಶ್ರೀಮಂತ ಸಂಜೆ ಬಿಸಿಲಿಗೆ ಬೆನ್ನು ಮಾಡಿ, ಒಡ್ಡಿನ ಮಣ್ಣಿನ ಮೇಲೆ ಬಿದ್ದ ತನ್ನದೇ ನೆರಳನ್ನು ತೆಗೆದಿದ್ದ. ಉದ್ದ ಕಾಲು, ಎರಡು ಕಡೆ ಚಾಚಿದ ಮೊಣಕೈ, ಹೊಟ್ಟೆಗೆ ಆನಿಸಿದ ಡಬ್ಬಿ. ಬಿಸಿಲು ಬಿದ್ದ ಕಡೆ ಮಣ್ಣೇ ಮಣ್ಣು. ನೆರಳು ಬಿದ್ದ ಕಡೆ ಫಿಲ್ಮಿಗೆ ಬೆಳಕು ತಾಗಿರಲಿಲ್ಲ, ಅಲ್ಲಷ್ಟೇ ಎರಡನೆಯ ಚಿತ್ರ ಕೂತಿತ್ತು. ಗಂಡನ ನೆರಳಿನ ಒಳಗೆ ಶಾಂಭವಿ ನಗುತ್ತಿದ್ದಳು.

ಕತ್ತರಿ ಕೈಯಲ್ಲೇ ಇತ್ತು. ಎಂಟನೆಯದನ್ನು ಕತ್ತರಿಸಿ ಎಸೆದು, ಏಳೇ ಇದ್ದವು ಅಂದರೆ ಅವಳಿಗೆ ಗೊತ್ತಾಗುವುದಿಲ್ಲ, ನಾಳೆಯೂ ಚಹಾಕ್ಕೆ ಬರುತ್ತಾಳೆ. ಹೇಳಿದರೆ ಬರಲಿಕ್ಕಿಲ್ಲ. ಅವನು ಕತ್ತರಿ ಕೆಳಗಿಟ್ಟು ಎಂಟನ್ನೂ ಪ್ರಿಂಟ್ ಹಾಕಿದ.

ಸಂಜೆ ಅವಳು ಬಂದಾಗ ಏಳನ್ನು ಒಂದೊಂದಾಗಿ ಕೊಟ್ಟ. ಅವಳು ಬೆಳ್ಳಕ್ಕಿಯ ಮೇಲೆ ಬೆರಳಾಡಿಸಿದಳು.

"ಎಂಟನೇದು ನಾ ಕೆಡಿಸೀನ್ರಿ," ಎಂದು ಅದನ್ನೂ ಮುಂದಿಟ್ಟ. "ಅವತ್ತ ಕಿಂಡಿ ನೋಡದ ಒತ್ತಿದೆ. ಔಷಧದ್ದು ಸುಳ್ಳು. ಅಂಜಿಕಿ ಬಂದಿತ್ತು."

ಅವಳು ಫೋಟೋ ನೋಡಿದಳು. ಹೊರಗೆ ಆಟೋಗಳು ಒದರುತ್ತಿದ್ದವು.

"ಯಾಕ ಒತ್ತಿದ್ರಿ?"

"ನೀವು ನಕ್ಕ್ರಿ." ಅವನು ಫೋಟೋದಲ್ಲಿನ ನಗುವಿನ ಕಡೆ ಬೆರಳು ತೋರಿಸಿದ. "ಇನ್ನೇನೂ ನೆನಪಾಗಲಿಲ್ಲ. ಇವತ್ತಿಗೂ ನನಗ ಬ್ಯಾರೆ ನೆನಪಿಲ್ರಿ. ನೀವಂದ್ರ ಜೀವ ನನಗ."

ಚೀಟಿಗಳನ್ನೂ ಮುಚ್ಚಿಡಲಿಲ್ಲ, ಕೊಟ್ಟ. ಅವಳು ಹನ್ನೊಂದನ್ನೂ ಓದಿದಳು. ಕಡೆಯದನ್ನು ಓದಿ ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಹನ್ನೊಂದು ಡಬ್ಬಿ ತಂದು ಬೇಡಿದ್ರು. ಅವರಿಗೆ ಕೊಡಲಿಲ್ಲ. ಯಾರೋ ನಿಮಗ ಕೊಟ್ಟೆ. ಅದೂ ಅವರ ನೆಳ್ಳಾಗ ನಿಂತು." ಎಂಟನೆಯದನ್ನಷ್ಟೇ ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದಳು. "ಇನ್ನ ಬರೂದಿಲ್ರಿ."

ಬರಲೂ ಇಲ್ಲ. ಹತ್ತೊಂಬತ್ತು ದಿನ ತಿಕೋಟಾ ಬಸ್ಸು ಬಂದು ಬಂದು ಹೋಯಿತು. ಕಪಾಟಿನ ಕಟಕ್ ಕೂಡ ನಿಂತುಹೋಗಿತ್ತು. ಆ ಶಬ್ದವಾದರೂ ಇರಬಾರದಿತ್ತೇ ಅನ್ನಿಸುವಷ್ಟು ಅಂಗಡಿ ಬಣಬಣ ಎನ್ನುತ್ತಿತ್ತು.

ಇಪ್ಪತ್ತನೆಯ ದಿನ ಅಂಗಡಿಯ ಮುಂದೆ ಆಟೋ ನಿಂತಿತು. ಇಳಿದು ಬಂದವಳು ಎಪ್ಪತ್ತರ ಮುದುಕಿ. ಸೆರಗಿನಡಿಯಿಂದ ಅದೇ ಫೋಟೋ ತೆಗೆದು ಗಲ್ಲೆಯ ಮೇಲಿಟ್ಟಳು.

"ಇದನ್ನ ತಗದಾಂವ ನೀ ಏನ? ನಾ ಮುರಿಗೆವ್ವ. ಶ್ರೀಮಂತನ ಅವ್ವ."

ಸಂಗನಬಸವ ಎದ್ದು ನಿಂತ. "ತಪ್ಪಾತಬೇ ಯವ್ವಾ."

"ತಪ್ಪೋ ಒಪ್ಪೋ, ಕೇಳ ಇಲ್ಲೆ. ನನ್ನ ಮಗನ ಮುಂದ ನಗಲಿಲ್ಲಂತ ಈಕಿ ಇಪ್ಪತ್ತು ದಿನಾ ಆತು, ಹೊಟ್ಟಿ ತುಂಬ ಕೂಳು ತಿನ್ನದ ಕುಂತಿದ್ಲು. ಮನ್ಯಾಗ ದಿನಾ ನಗತಿದ್ಲಪಾ! ಗಂಡಾ ಹೆಂಡ್ತಿ ನಗೂದಕ್ಕ ಓಣಿ ಮಂದಿ ತಿರಗಿ ನೋಡತಿದ್ರು. ಮಗಾ ಆ ಖೋಡಿ ಡಬ್ಬಿ ಹಿಡದು ನಿಂತು 'ನಗು, ನಗು' ಅಂತಿದ್ದ. ನಗು ಅಂದ್ರ ಯಾರ ನಗತಾರ?" ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದನ್ನ ಇವತ್ತ ಮುಂಜೇಲೆ ಹೇಳೀನಿ. ಅತ್ತಳು, ಉಂಡಳು, ನೀ ಅಂದ ಮಾತೂ ಹೇಳಿದಳು. ಈಗ ನಿನ್ನ ಕೇಳತೀನಿ. ನಮ್ಮಾಗ ಉಡಕಿ ಐತಿ, ಗಂಡ ಸತ್ತಾಕಿ ಮತ್ತ ಮದಿವ್ಯಾಗಬಹುದು. ನೀ ಬರೇ ಫೋಟೋ ತಗಿಯಾಂವ ಏನ, ಮನಿಗೆ ಬರಾಂವ ಏನ?"

ಸಂಗನಬಸವ ಆಟೋದ ಕಡೆ ನೋಡಿದ. ಒಳಗೆ ಶಾಂಭವಿ ಕೂತಿದ್ದಳು, ಮುಖ ಈ ಕಡೆಗೇ ಇತ್ತು. ಅವನು ಮೆಟ್ಟಿಲಿಳಿದು ಹತ್ತಿರ ಹೋದ.

"ಆ ಫೋಟೋ ಗ್ವಾಡಿ ಮ್ಯಾಲ ಇರತೈತ್ರಿ," ಎಂದಳು. "ಅವರೂ ಇರತಾರ. ಸಂಜೀಮುಂದ ನೆನಪಾದ್ರ ಅಳತೀನಿ. ನಿಮ್ಮ ಮುಂದನ ಅಳತೀನಿ. ನಡೀತೈತೇನು?"

"ನಡೀತೈತ್ರಿ," ಎಂದ ಸಂಗನಬಸವ. "ನನಗೂ ನೆನಪಾಗತಾರ ಅವರು."

ಅವಳು ಅವನನ್ನೇ ನೋಡಿದಳು. ಮುರಿಗೆವ್ವ ಬಂದು ಒಳಗೆ ಕೂತಳು. ಸಂಗನಬಸವ ಅಂಗಡಿಯ ಶಟರ್ ಎಳೆದು, ಸಂಕೋಚದಿಂದ ಡ್ರೈವರನ ಪಕ್ಕ ಕೂಡಲು ಹೋದ.

"ಅಲ್ಲೆಲ್ಲಿ ಹೊಂಟ್ರಿ?" ಶಾಂಭವಿ ಅತ್ತೆಯ ಕಡೆಗೆ ಸರಿದು, ತನ್ನ ಪಕ್ಕದ ಸೀಟನ್ನು ಅಂಗೈಯಿಂದ ಒರೆಸಿದಳು. "ಇಲ್ಲಿ ಬರ್ರಿ. ಜಾಗಾ ಆಗತೈತಿ."