ಅನಸೂಯಳ ಎಡಗೈ

"ಎಡಗೈಯಲ್ಲಿ ಈ ಚೊಂಬು ಎತ್ತಿ, ನೋಡೋಣ."

ಹೆಣ್ಣು ನೋಡಲು ಬಂದ ಗಂಡು ಆಡುವ ಮಾತೇ ಇದು?! ಮಂಡಿಕಲ್ಲಿನ ಆ ನಡುಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

ಅನಸೂಯ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಐದು ವರ್ಷದ ಹಿಂದೆ ಮುರಿದ ಎಡಗೈ ಕೂಡಿಕೊಂಡಿತ್ತು, ನಿಜ. ಆದರೆ 'ಭಾರ ಎತ್ತಬೇಡ, ಮತ್ತೆ ಮುರಿದೀತು' ಎಂದು ಮನೆಯವರು ಹೆದರಿಸಿ ಹೆದರಿಸಿ ಅದು ಸೊರಗಿ ಕಡ್ಡಿಯಾಗಿತ್ತು. ಗಂಡಿನವರಿಗೆ ಕಾಣದಂತೆ ಸೋದರತ್ತೆ ವರಲಕ್ಷ್ಮಮ್ಮ ಅದನ್ನು ಸೆರಗಿನೊಳಗೆ ಮುಚ್ಚಿಸಿದ್ದಳು. ಇವನಿಗೆ ಹೇಗೆ ಗೊತ್ತಾಯಿತು?

ಚೊಂಬು ಗೇಣುದ್ದ ಎದ್ದು ಜಾರಿತು. ನೀರೆಲ್ಲ ಅವನ ಪ್ಯಾಂಟಿನ ಮೇಲೆ!

"ಹೆಣ್ಣು ನೋಡಕ್ಕೆ ಬಂದ್ರೋ, ಎತ್ತು ಕೊಳ್ಳಕ್ಕೆ ಬಂದ್ರೋ?" ಅಪ್ಪ ಮುನಿಗಂಗಪ್ಪ ಗುಡುಗಿದರು.

ಗಂಡಿನ ಹೆಸರು ಚಲಪತಿ, ಮಂಚೇನಹಳ್ಳಿಯಲ್ಲಿ ಪಿ.ಟಿ. ಮೇಷ್ಟ್ರು. 'ಮುಗೀತು, ಇನ್ನು ಇವರು ಬರಲ್ಲ' ಎಂದು ಅನಸೂಯ ಅತ್ತಳು. ವಾರ ಕಳೆಯುವಷ್ಟರಲ್ಲಿ ಕಾಗದ ಬಂತು... ಹುಡುಗಿ ಒಪ್ಪಿಗೆ!

ಕಾಗದದ ಹಿಂದೆಯೇ, ಭಾನುವಾರದ ಬಸ್ಸಿಗೆ ಚಲಪತಿಯೂ ಬಂದಿಳಿದ. ಕೈಯಲ್ಲಿ ಹೂವಿಲ್ಲ, ಸೀರೆಯಿಲ್ಲ... ಬಟ್ಟೆಯಲ್ಲಿ ಹೊಲಿದ ರಾಗಿ ಚೀಲಗಳು! ಅರ್ಧ ಸೇರಿನದು, ಒಂದು ಸೇರಿನದು, ಎರಡು ಸೇರಿನದು.

"ದಿನಾ ಎತ್ತಿ ಇಳಿಸ್ಬೇಕು. ಚಿಕ್ಕದ್ರಿಂದ ಶುರು ಮಾಡಿ."

"ಅಯ್ಯೋ ದೇವ್ರೇ! ಹುಡುಗೀನ ಪೈಲ್ವಾನ್ ಮಾಡ್ತೀಯೇನಪ್ಪ?" ವರಲಕ್ಷ್ಮಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಕೈ ಸರಿ ಹೋದ್ರೆ ಮದ್ವೆ, ಇಲ್ದಿದ್ರೆ ಇಲ್ಲ... ಅಲ್ವಾ?" ಅನಸೂಯ ಕೇಳಿಯೇಬಿಟ್ಟಳು.

"ಎತ್ತಿದ್ರೂ ಮದ್ವೆ, ಎತ್ತದಿದ್ರೂ ಮದ್ವೆ. ಆದ್ರೆ ನಾಳೆ ನಿಮ್ಮ ಮಗು ಅತ್ರೆ, ಎತ್ಕೊಳ್ಳೋಕೆ ಬೇರೆಯವ್ರನ್ನ ಕರೀತೀರಾ?"

ಎಂಥ ಕಟುಕ! ಅವನು ಅತ್ತ ಹೋಗುತ್ತಿದ್ದಂತೆ ಚೀಲಗಳನ್ನು ಮೂಲೆಗೆಸೆದಳು. ಆದರೆ ಆ ಮಾತು ಮಾತ್ರ ಬಿಡಲೊಲ್ಲದು. ಮೂರನೆಯ ದಿನ ರೇಷ್ಮೆ ಹುಳುವಿನ ಮನೆಯ ಬಾಗಿಲು ಹಾಕಿಕೊಂಡು ಅರ್ಧ ಸೇರಿನ ಚೀಲ ಎತ್ತಿದಳು. ಅಬ್ಬಾ, ನೋವು! ಆದರೆ... ಕೈ ಮುರಿಯಲಿಲ್ಲ.

ಪ್ರತಿ ಭಾನುವಾರ ಅವನು ಜಗಲಿಯಲ್ಲಿ ಕೂತು ಎಣಿಸುತ್ತಿದ್ದ. ಮೆಚ್ಚುಗೆಯ ಮಾತು ಒಂದೂ ಇಲ್ಲ! 'ಇವರಿಗೆ ನಾನು ಬೇಡ, ನನ್ನ ಕೈ ಬೇಕು' ಎಂದು ಅವಳು ಒಳಗೇ ಕುದಿದಳು. ಆದರೂ ಬಸ್ಸು ತಡವಾದರೆ ಕಣ್ಣು ರಸ್ತೆಗೇ ಹೋಗುತ್ತಿತ್ತು...

ನಾಲ್ಕು ತಿಂಗಳಾಗಿತ್ತು. ಹುಳು ಗೂಡು ಕಟ್ಟುವ ಆಳೆತ್ತರದ ಬಿದಿರಿನ ಚಂದ್ರಿಕೆಯನ್ನು ಒಬ್ಬಳೇ ಎತ್ತಿ ಅಂಗಳಕ್ಕೆ ತಂದಿಟ್ಟಳು. ಅಪ್ಪನ ಬಾಯಿಯ ಬೀಡಿ ಬಿದ್ದೇಹೋಯಿತು!

ಮದುವೆಯ ದಿನ. ಗಟ್ಟಿಮೇಳ ಮೊಳಗಿತು. ಎದುರಿಗೆ ನಿಂತ ಚಲಪತಿ ತಾಳಿ ಹಿಡಿದು ಕೈ ಎತ್ತಿದ. ಎಡಗೈ ಅವಳ ಕತ್ತಿನ ಹಿಂದೆ ಬಂತು. ಬಲಗೈ... ಎದೆಯ ಮಟ್ಟದಲ್ಲೇ ನಿಂತುಬಿಟ್ಟಿತು! ಅವನ ಹಣೆಯ ತುಂಬ ಬೆವರು.

"ಬೇಗ, ಬೇಗ..." ಪುರೋಹಿತರು ಅವಸರಿಸಿದರು. ಅವನ ತಾಯಿ ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡರು.

ಅನಸೂಯ ದಂಗಾದಳು. ಇವರ ಭುಜ...! ಹಾಗಾದರೆ ಇವರ ಮನೆಯವರೂ ಮುಚ್ಚಿಟ್ಟಿದ್ದರು! ಸಿಟ್ಟು, ಕನಿಕರ, ಪ್ರೀತಿ ಒಟ್ಟಿಗೇ ಉಕ್ಕಿದವು. ಯೋಚಿಸಲು ಹೊತ್ತಿರಲಿಲ್ಲ. ಎಡಗೈ ಚಾಚಿ, ಅವನ ಮೊಣಕೈಯನ್ನು ಕೆಳಗಿನಿಂದ ಹಿಡಿದು ಮೇಲಕ್ಕೆತ್ತಿದಳು. ಮೂರು ಗಂಟು ಬೀಳುವವರೆಗೂ ಅವಳ ಕೈ ಅಲ್ಲಾಡಲಿಲ್ಲ.

ಊಟಕ್ಕೆ ಜನ ಚದುರಿದಾಗ ಅವಳು ಪಿಸುಗುಟ್ಟಿದಳು, "ನಂದು ಮಾತ್ರ ಎಲ್ಲರೆದುರು ಬಯಲು ಮಾಡಿದ್ರಿ... ನಿಮ್ದು ಮುಚ್ಚಿಟ್ರಿ!"

"ಕುಸ್ತೀಲಿ ಭುಜ ಜಾರಿತ್ತು. ನೋವಿಗೆ ಹೆದ್ರಿ ಕೈ ಎತ್ತೋದೇ ಬಿಟ್ಟೆ, ಬಿಗಿದುಹೋಯ್ತು. ನೀನು ಸೆರಗಲ್ಲಿ ಕೈ ಮುಚ್ಕೊಂಡಿದ್ದು ನೋಡ್ದಾಗ ಗೊತ್ತಾಗೋಯ್ತು... ನೀನೂ ನನ್ ಥರ ಆಗ್ಬಾರ್ದು ಅನ್ನಿಸ್ತು."

"ಹೇಳ್ಬೋದಿತ್ತಲ್ಲ!"

"ಹೇಳಿದ್ರೆ ಬೇಡ ಅಂದುಬಿಡ್ತೀಯ ಅಂತ ಭಯ ಕಣೇ. ನೀನಿಲ್ದೆ ನಂಗಾಗಲ್ಲ..."

"ಊರಿಗೆಲ್ಲ ಪಾಠ, ತಮಗೆ ಮಾತ್ರ ರಜೆ!" ಅನಸೂಯಳಿಗೆ ಅಳುವೂ ಬಂತು, ನಗುವೂ ಬಂತು. "ನೆಟ್ಟಗೆ ನಿಂತ್ಕೊಳ್ಳಿ. ಕೈ ಎತ್ತಿ."

"ಈಗ್ಲಾ? ನೋಯ್ತದೆ ಕಣೇ!"

"ನಾನು ಹಿಡ್ಕೊಂಡಿದ್ದೀನಲ್ಲ ರೀ... ಎತ್ತಿ."