ಎಡಗಡೆ ಸ್ಟೀರಿಂಗಿನ ಕೆಂಪು ಕಾರು

"ರೀ... ನಿಲ್ಲಿಸ್ರಿ! ಸ್ವಲ್ಪ ನಿಲ್ಲಿಸ್ರಿ!"

ನೀಲಕ್ಕ ಕೂಗಿದ್ದು ಒಂದು ಸಲವಲ್ಲ, ಮೂರು ಸಲ. ಕಾರಿನಲ್ಲಿ ಕೂತಿದ್ದ ಆ ಮನುಷ್ಯ ಕತ್ತು ಕೂಡ ತಿರುಗಿಸಲಿಲ್ಲ.

ಅದೇನು ಕಾರು! ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಚಾವಣಿಯೇ ಇಲ್ಲ. ೧೯೬೩ರ ದಾವಣಗೆರೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕಿಂತ ಸೋಜಿಗವೆಂದರೆ, ಅದನ್ನು ಎಳೆಯುತ್ತಿದ್ದುದು ಒಂದು ಜೋಡಿ ಎತ್ತು! ಕೆ.ಬಿ. ಬಡಾವಣೆಯ ಅರ್ಧ ಜನ ಕೆಲಸ ಬಿಟ್ಟು ರಸ್ತೆಗೆ ಬಂದಿದ್ದರು. ಆ ನೂಕುನುಗ್ಗಲಿನಲ್ಲೇ ನೀಲಕ್ಕನ ಊಟದ ಡಬ್ಬಿ ಕೈಜಾರಿ ಉರುಳಿಕೊಂಡು ಹೋಗಿತ್ತು.

ಚಕ್ರ ಅದರ ಮೇಲೇ ಹತ್ತಿತು. ಡಬ್ಬಿ ಅಪ್ಪಚ್ಚಿ!

ಜನ ಗದ್ದಲ ಎಬ್ಬಿಸಿದ ಮೇಲೆ ಅವನು ಗಾಬರಿಯಿಂದ ಇಳಿದು ಬಂದ. ಕೈ ತುಂಬ ಗ್ರೀಸು.

"ತಪ್ಪಾತ್ರಿ... ನಾನು ನೋಡಲಿಲ್ಲ."

"ನೋಡಲಿಲ್ಲ, ಸರಿ. ಮೂರು ಸಲ ಕೂಗಿದ್ದು ಕೇಳಿಸಲೂ ಇಲ್ಲೇನ್ರಿ?"

ಅವನು ಬಗ್ಗಿ ಡಬ್ಬಿ ಎತ್ತಿ ಕಾರಿನ ಸೀಟಿನ ಮೇಲೆ ಇಟ್ಟುಕೊಂಡ.

'ಎಷ್ಟು ಸೊಕ್ಕು! ಫಾರಿನ್ ಕಾರು ಇದ್ದರೆ ಬಾಯಿ ಬಿಟ್ಟು ಮಾತಾಡಬಾರದಾ?' ನೀಲಕ್ಕ ದಡದಡನೆ ಆಫೀಸಿನ ಮೆಟ್ಟಿಲು ಹತ್ತಿದಳು.

ಅವನೂ ಹಿಂದೆಯೇ ಹತ್ತಿದ! ಯಾಕೆಂದರೆ ಅದು ವಿಮೆ ಆಫೀಸು. ನೀಲಕ್ಕ ಅಲ್ಲಿನ ಟೈಪಿಸ್ಟು.

"ಬಾರಪ್ಪಾ ಭರಮಣ್ಣ," ಎಂದರು ಏಜೆಂಟ್ ಕುಬೇರಪ್ಪ ನಗುತ್ತಾ. "ಹರಿಹರದಿಂದ ಎತ್ತು ಕಟ್ಟಿ ಎಳಸ್ಕೊಂಡು ಬಂದ್ಯಾ? ಎಂಜಿನ್ ಓಡಂಗಿಲ್ಲೇನು?"

"ಗುಂಡಿನಂಗೆ ಓಡ್ತದ್ರಿ. ಆದ್ರೆ ವಿಮೆ ಇಲ್ದೆ ರಸ್ತಿ ಮ್ಯಾಲೆ ಓಡಿಸಬಾರದು ಅಂತ ಕಾಯಿದೆ ಐತಲ್ರಿ."

ನೀಲಕ್ಕ ತಲೆ ಎತ್ತಿ ನೋಡಿದಳು. ಕಾಯಿದೆಗೆ ಹೆದರಿ ಒಂಬತ್ತು ಮೈಲಿ ಎತ್ತಿನ ಹಿಂದೆ ಬರುವವರೂ ಇರುತ್ತಾರಾ?

ಭರಮಣ್ಣನಿಗೆ ಹರಿಹರದಲ್ಲಿ ಸಣ್ಣದೊಂದು ಗ್ಯಾರೇಜು. ಕಾರ್ಖಾನೆ ಕೆಲಸಕ್ಕೆ ಬಂದಿದ್ದ ಜರ್ಮನಿಯ ಎಂಜಿನಿಯರೊಬ್ಬ ಈ ಕಾರನ್ನು ಹುಣಸೆಮರಕ್ಕೆ ಗುದ್ದಿ, ಗುಜರಿ ರೇಟಿಗೆ ಇವನಿಗೆ ಮಾರಿ ಹೋಗಿದ್ದ. ಅದನ್ನು ಮತ್ತೆ ಕಾರು ಮಾಡಲು ಇವನಿಗೆ ಮೂರು ವರ್ಷ ಹಿಡಿದಿತ್ತು.

ನೀಲಕ್ಕ ಮುಖ ಬಿಗಿದುಕೊಂಡೇ ಫಾರಂ ತೆಗೆದಳು.

"ಸ್ಟೀರಿಂಗ್?"

"ಎಡಗಡೆ ಐತ್ರಿ. ಅವರ ದೇಶದಾಗೆ ಹಂಗೇ."

"ಹಿಂದೆ ಅಪಘಾತ?"

"ಆಗೈತೆ. ಮುಂಭಾಗ ಪೂರಾ ಹೋಗಿತ್ತು. ಬ್ರೇಕು ಜೀಪಿಂದು ಹಾಕೀನಿ, ಅದನ್ನೂ ಬರೀರಿ."

ಕುಬೇರಪ್ಪ ಹಣೆ ಚಚ್ಚಿಕೊಂಡರು. "ಕೇಳಿದಷ್ಟು ಹೇಳೋ ಮಾರಾಯ!"

ನೀಲಕ್ಕನಿಗೆ ನಗು ಬಂತು. ತಡೆದುಕೊಂಡು ಮುಂದಿನ ಪ್ರಶ್ನೆ ಓದಿದಳು. "ಓಡಿಸುವವರಿಗೆ ಕಣ್ಣು, ಕಿವಿ, ಕೈಕಾಲಿನ ದೋಷ ಇದೆಯೇ?"

ಎಲ್ಲರೂ 'ಇಲ್ಲ' ಎನ್ನುವ ಪ್ರಶ್ನೆ ಅದು. ಅವಳ ಪೆನ್ನು ತಾನಾಗಿಯೇ 'ಇಲ್ಲ' ಎಂದು ಬರೆದೂ ಬಿಟ್ಟಿತ್ತು.

"ಅದನ್ನ ಹೊಡೆದು ಹಾಕ್ರಿ," ಎಂದ ಭರಮಣ್ಣ ಮೆಲ್ಲಗೆ. "ಎಡಗಿವಿ ಕೇಳಂಗಿಲ್ಲ ನನಗೆ. ಲಾರಿ ಟೈರು ಸಿಡಿದು ಹೋತು. ಬಲಗಿವಿ ಚಲೋ ಐತೆ."

ನೀಲಕ್ಕನ ಕೈ ನಿಂತುಹೋಯಿತು. ತಾನು ನಿಂತಿದ್ದು ರಸ್ತೆಯ ಅಂಚಿನಲ್ಲಿ... ಅವನ ಎಡಕ್ಕೆ! ಅಯ್ಯೋ, ಸೊಕ್ಕು ಅಂದುಕೊಂಡೆನಲ್ಲಾ!

"ಬ್ಯಾಡಪ್ಪಾ," ಕುಬೇರಪ್ಪ ಗದರಿದರು. "ಇದನ್ನ ಬರೆದ್ರೆ ಬೊಂಬಾಯಿ ಕಂಪನಿಯೋರು ವಾಪಸ್ ಕಳಿಸಿದ್ರೂ ಕಳಿಸ್ಯಾರು. ಮೂರು ವರ್ಷದ ದುಡಿಮೆ ಶೆಡ್ಡಿನಾಗೆ ಕೊಳೀತದೆ. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತೈತಲ್ರಿ. ನಾಳೆ ಯಾರಿಗಾದ್ರೂ ತಗುಲಿದ್ರೆ, ಇವನು ಸುಳ್ಳು ಬರೆಸ್ಯಾನೆ ಅಂತ ಕಂಪನಿ ಕೈ ಎತ್ತಿದ್ರೆ, ಅವರ ಮನಿಯೋರು ಎಲ್ಲಿಗೆ ಹೋಗಬೇಕು?"

ನೀಲಕ್ಕ 'ಇಲ್ಲ' ಹೊಡೆದು 'ಇದೆ' ಎಂದು ಬರೆದಳು. ಬರೆಯುವಾಗ ಅವಳ ಎಡಗೈ ತಾನಾಗಿಯೇ ಬಲತೋಳನ್ನು ಮುಚ್ಚಿಕೊಂಡಿತ್ತು.

ಆ ತೋಳಿನ ಕಥೆ ಹೇಳಲೇಬೇಕು. ಮಣಿಕಟ್ಟಿನವರೆಗೆ ಬರುವ ಕುಪ್ಪಸದ ಒಳಗೆ ಅವಳಿಗೆ ಅಂಗೈಯಗಲದ ತೊನ್ನು ಇತ್ತು. ಎರಡು ವರ್ಷದ ಹಿಂದೆ ಅಣ್ಣ ಕೆಂಚವೀರಪ್ಪ ಅದನ್ನು ಮುಚ್ಚಿಟ್ಟು ಮದುವೆ ಗೊತ್ತು ಮಾಡಿದ್ದ. ಬಳೆ ತೊಡಿಸುವಾಗ ಗಂಡಿನ ಕಡೆಯವರು ಕಂಡರು. ತುಂಬಿದ ಮನೆಯಲ್ಲಿ, "ಮೋಸಗಾತಿ!" ಎಂದು ಕೂಗಿ ಎದ್ದು ಹೋದರು. ಬಿಳಿ ಮಚ್ಚೆಗಿಂತ ಆ ಮಾತೇ ಅವಳನ್ನು ಹೆಚ್ಚು ಸುಟ್ಟಿತ್ತು.

ಮುಂದಿನ ಗುರುವಾರ ಭರಮಣ್ಣ ಬಂದ. ಡಬ್ಬಿಯನ್ನು ಬಡಿದು ಬಡಿದು ಹೊಸದರಂತೆ ಮಾಡಿ ತಂದಿದ್ದ! ಅಷ್ಟರಲ್ಲಿ ನೀಲಕ್ಕನೂ ಒಂದು ಕೆಲಸ ಮಾಡಿದ್ದಳು. ತನ್ನ ಕುರ್ಚಿ, ಮೇಜನ್ನು ಎಳೆದು, ಬಂದವರು ಕೂರುವ ಜಾಗದ ಬಲಕ್ಕೆ ಹಾಕಿಕೊಂಡಿದ್ದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಅವನು ಕುರ್ಚಿ ನೋಡಿದ. ಅವಳನ್ನು ನೋಡಿದ. ಇಬ್ಬರೂ ತಲೆ ತಗ್ಗಿಸಿದರು!

ಪಾಲಿಸಿ ಬಂತೇನೆಂದು ಕೇಳುವ ನೆಪದಲ್ಲಿ ಹೀಗೆ ಆರು ಗುರುವಾರ ಕಳೆದವು. ಏಳನೆಯದಕ್ಕೆ ಅವನು ತಡವರಿಸುತ್ತಾ ಕೇಳಿದ, "ನಮ್ಮವ್ವ ನಿಮ್ಮ ಮನಿಗೆ ಬರ್ತೀನಿ ಅಂತಾಳೆ... ಬರಬಹುದೇನ್ರಿ?"

"ಮುಂದಿನ ವಾರ ಹೇಳ್ತೀನಿ," ಎಂದಳು.

ಮನೆಯಲ್ಲಿ ಅಣ್ಣನದು ಅದೇ ಹಳೆಯ ಪಾಠ. "ಮದುವಿ ಮುಗಿಯೋತನಕ ಬಾಯಿ ಬಿಡಬ್ಯಾಡ."

'ಇನ್ನೊಂದು ಸಲ ಮೋಸಗಾತಿ ಅನ್ನಿಸಿಕೊಳ್ಳಲಾರೆ. ಅದೂ ಭರಮಣ್ಣನವರ ಬಾಯಲ್ಲಿ!'

ಎಂಟನೆಯ ಗುರುವಾರ ಕಂಪನಿಯಿಂದ ಕಾಗದ ಬಂದಿತ್ತು, ಕಿವಿಗೆ ಡಾಕ್ಟರ ಸರ್ಟಿಫಿಕೇಟು ಬೇಕೆಂದು. ಭರಮಣ್ಣ ನಿಂತುಕೊಂಡು ಅದನ್ನು ಓದುತ್ತಿದ್ದ. ಕೆಳಗೆ ರಸ್ತೆಯಲ್ಲಿ ಹತ್ತಿಯ ಲಾರಿಗಳ ಗದ್ದಲ. ಅವನ ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ನೀಲಕ್ಕ ಕಿಟಕಿಯ ಹತ್ತಿರ ಸರಿದು ನಿಂತಳು. ಹೊರಗೆ ನೋಡುತ್ತಲೇ, ಸಣ್ಣ ದನಿಯಲ್ಲಿ, ತೋಳಿನ ಕಥೆಯನ್ನೆಲ್ಲಾ ಹೇಳಿದಳು.

"...ಇಷ್ಟು ಗೊತ್ತಾದ ಮ್ಯಾಲೂ ಮನಸ್ಸಿದ್ರೆ, ನಿಮ್ಮವ್ವನ್ನ ಕರಕೊಂಡು ಬರ್ರಿ."

ಭರಮಣ್ಣ ಕಾಗದ ಮಡಚಿದ. ಸ್ವಲ್ಪ ಹೊತ್ತು ನಿಂತ. "ಬರ್ತೀನ್ರಿ ಹಂಗಾದ್ರೆ," ಎಂದು ಮೆಟ್ಟಿಲಿಳಿದು ಹೋದ.

ಮತ್ತೆ ಬರಲಿಲ್ಲ.

ಒಂದು ಗುರುವಾರ... ಎರಡು... ಮೂರು! ಸರ್ಟಿಫಿಕೇಟು ಅಂಚೆಯಲ್ಲಿ ಬಂತು. ಅವನು ಬರಲಿಲ್ಲ. ನೀಲಕ್ಕ ಟೈಪು ಹೊಡೆಯುತ್ತಾ ಅತ್ತಳು.

ನಾಲ್ಕನೆಯ ವಾರ ಪಾಲಿಸಿ ಬಂದೇ ಬಂತು! ಎರಡೂ ಬದಿಗೆ ಕನ್ನಡಿ ಹಾಕಿಸಬೇಕೆಂಬ ಒಂದೇ ಷರತ್ತು.

"ನಿಜ ಹೇಳಿ ಗೆದ್ದುಬಿಟ್ಟನಲ್ಲ!" ಕುಬೇರಪ್ಪನವರೇ ಬೆರಗಾದರು. "ಅಂಚೆಗೆ ಹಾಕವ್ವ."

"ಬ್ಯಾಡ್ರಿ. ನಾನೇ ಕೊಟ್ಟು ಬರ್ತೀನಿ," ಎಂದಳು. ಅವನ ಮುಖ ನೋಡಿ ಒಂದು ಮಾತು ಕೇಳಲೇಬೇಕಿತ್ತು.

ಭಾನುವಾರ ಬಸ್ಸು ಹತ್ತಿ ಹರಿಹರಕ್ಕೆ ಹೋದಳು. ಗ್ಯಾರೇಜಿನ ಅಂಗಳದಲ್ಲಿ, ಎರಡೂ ಬದಿಗೆ ಆಗಲೇ ಕನ್ನಡಿ ಹಾಕಿದ್ದ ಕಾರಿನಲ್ಲಿ, ಭರಮಣ್ಣ ಸ್ಟೀರಿಂಗಿನ ಮುಂದೆ ಸುಮ್ಮನೆ ಕೂತಿದ್ದ. ಎರಡು ವಾರ ಊಟ ಬಿಟ್ಟವನ ಮುಖ.

"ತಗೊಳ್ರಿ ನಿಮ್ಮ ಪಾಲಿಸಿ!" ಬಲಗಡೆಯ ಬಾಗಿಲು ತೆಗೆದು, ಕಾಗದವನ್ನು ಸೀಟಿನ ಮೇಲೆ ಎಸೆದಳು. "ನೀವು ನಿಜ ಹೇಳಿದ್ರೆ ಕಂಪನಿ ಒಪ್ಪಿತು. ನಾನು ನಿಜ ಹೇಳಿದ್ದಕ್ಕೆ ನೀವು ಬಿಟ್ಟು ಹೋದ್ರಿ! ಬ್ಯಾಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

ಅವನು ಕಕ್ಕಾಬಿಕ್ಕಿಯಾದ. "ನಾನಾ? ನೀವೇ ಏನೂ ಹೇಳಲಿಲ್ಲಲ್ರಿ! ಅವತ್ತು ಉತ್ತರಕ್ಕೆ ಕಾದು ನಿಂತೆ. ನೀವು ಆ ಕಡೆ ಮುಖ ಮಾಡಿ ನಿಂತುಬಿಟ್ರಿ. ಇಷ್ಟ ಇಲ್ಲ, ಹೇಳೋಕೆ ಸಂಕೋಚ ಅಂತ ತಿಳಕೊಂಡೆ."

"ಹೇಳಿದೆನಲ್ಲ... ಎಲ್ಲಾ ಹೇಳಿದೆ! ಕಿಟಕಿ ಹತ್ತಿರ ನಿಂತು..."

ಭರಮಣ್ಣ ಮೆಲ್ಲಗೆ ತನ್ನ ಎಡಗಿವಿಯನ್ನು ಮುಟ್ಟಿಕೊಂಡ.

ಅಯ್ಯೋ, ಅವತ್ತು ಕಿಟಕಿ ಇದ್ದದ್ದು ಅವನ ಎಡಕ್ಕೆ! ಕುರ್ಚಿ ಮೇಜು ಎಳೆದು ಹಾಕಿದವಳಿಗೆ, ಬೇಕಾದ ಹೊತ್ತಿಗೇ ನೆನಪಾಗಲಿಲ್ಲವಲ್ಲಾ!

"ಒಳಗೆ ಕೂತು ಹೇಳ್ರಿ," ಎಂದ ಅವನು. "ಈ ಕಡೆ ಎಲ್ಲಾ ಕೇಳ್ತದೆ."

ಅವಳು ಬಲಗಡೆಯ ಸೀಟಿನಲ್ಲಿ ಕೂತಳು. ಈ ಸಲ ಮಾತಿಗೆ ಮೊದಲು ತೋಳಿನ ಗುಂಡಿ ಬಿಚ್ಚಿ, ಮೊಣಕೈವರೆಗೆ ಮಡಚಿದಳು. ಬಿಸಿಲಿನಲ್ಲಿ ಬಿಳಿ ಮಚ್ಚೆ ಎದ್ದು ಕಂಡಿತು. ಎಲ್ಲವನ್ನೂ ಹೇಳಿದಳು. 'ಮೋಸಗಾತಿ' ಎಂಬ ಮಾತನ್ನೂ ಬಿಡಲಿಲ್ಲ.

ಅವನು ಪೂರ್ತಿ ಕೇಳಿದ. ಅವನ ಕಣ್ಣುಗಳು ತುಂಬಿ ಬಂದವು.

"ನನಗೆ ಒಂದು ಕಿವಿ ಇಲ್ಲ ಅಂತ ನೀವು ಕುರ್ಚಿ ಸರಿಸಿದ್ರಿ. ನಾನೇನು ಸರಿಸಲಿ, ಹೇಳ್ರಿ?"

ನೀಲಕ್ಕನಿಗೆ ಅಳು ಒತ್ತರಿಸಿ ಬಂತು. "ಏನೂ ಬ್ಯಾಡ... ತೋಳು ಹಿಂಗೇ ಬಿಟ್ಟುಕೊಂಡು ಕೂಡ್ತೀನಿ. ಅಷ್ಟು ಸಾಕು."

"ಈ ಕಾರು ಯಾಕೆ ಕೈಬಿಡಲಿಲ್ಲ ಗೊತ್ತೇನ್ರಿ?" ಅವನು ಎಂಜಿನ್ ಚಾಲೂ ಮಾಡಿದ. "ನಮ್ಮ ಕಡೆ ಕಾರಿನಾಗೆ ಪಕ್ಕದಾಗೆ ಕೂತೋರು ನನ್ನ ಕೆಟ್ಟ ಕಿವಿ ಕಡೆ ಬರ್ತಾರೆ. ಇದರಾಗೆ ಮಾತ್ರ ಈ ಕಡೆ. ಎಂದಾದ್ರೂ ಒಬ್ಬರು ಕೂಡ್ತಾರೆ, ಅವರ ಒಂದು ಮಾತೂ ತಪ್ಪಬಾರದು ಅಂತ..."

ಕೆಂಪು ಕಾರು ಮೊದಲ ಸಲ ತನ್ನ ಕಾಲ ಮೇಲೆ ದಾವಣಗೆರೆಯ ರಸ್ತೆಗೆ ಇಳಿಯಿತು.

"ಮೊದಲು ನಿಮ್ಮವ್ವನ್ನ ಕರಕೊಂಡು ಬರ್ರಿ. ನನಗೆ ಒಪ್ಪಿಗೆ ಐತೆ," ಎಂದಳು ನೀಲಕ್ಕ ಮೆಲ್ಲಗೆ.

"ಏನಂದ್ರಿ?"

"ಕೇಳಿಸಲಿಲ್ಲೇನ್ರಿ?" ಅವಳಿಗೆ ಗಾಬರಿ.

"ಕೇಳಿಸ್ತು," ಭರಮಣ್ಣ ನಕ್ಕ. "ಇನ್ನೊಂದು ಸಲ ಹೇಳ್ರಿ."