ಮುಐದರ್ ಸರ್ವರ್ ಕಳವು ಪ್ರಕರಣ

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಠಾಣೆಗೆ ದೂರು ಬಂತು. ಠಾಣೆ ಎಂದರೆ ದೋಹಾದ ಮುಐದರ್ ಬಡಾವಣೆಯ ಒಂದು ವಿಲ್ಲಾ ಆಫೀಸಿನ ಗೇಟಿಗೆ ಅಂಟಿಕೊಂಡ ಸೆಕ್ಯುರಿಟಿ ಕ್ಯಾಬಿನ್. ಇನ್‌ಸ್ಪೆಕ್ಟರ್ ಎಂದರೆ ಶಂಭುಲಿಂಗಪ್ಪ. ಗದಗಿನಲ್ಲಿ ಪೊಲೀಸ್ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಈ ಗುತ್ತಿಗೆ ಕಂಪನಿಯ ಸೆಕ್ಯುರಿಟಿ ಮುಖ್ಯಸ್ಥರಾಗಿ ಬಂದು ವರ್ಷಗಳಾದರೂ, ಬಂದ ದೂರನ್ನೆಲ್ಲ ಅವರು ಎಫ್‌ಐಆರ್ ಎಂದೇ ಕರೆಯುತ್ತಿದ್ದರು. ಉಪ್ಪಿನಂಗಡಿಯ ಗಾರ್ಡ್ ಫವಾಝ್ ಅವರ ಪಾಲಿಗೆ ಕಾನ್‌ಸ್ಟೇಬಲ್. ಕತಾರಿನ ನಿಜವಾದ ಪೊಲೀಸರಿಗೂ ಇವರಿಬ್ಬರಿಗೂ ಯಾವ ಸಂಬಂಧವೂ ಇರಲಿಲ್ಲ.

ದೂರುದಾರ ಐಟಿ ವಿಭಾಗದ ಜೋವಿನ್.

"ಸರ್, ಹಳೇ ಸರ್ವರ್ ಇಲ್ಲ."

"ಇಲ್ಲ ಅಂದ್ರ? ಕೆಟ್ಟೈತೇನು?"

"ಕೆಟ್ಟದ್ದಲ್ಲ ಸರ್. ಮಷಿನೇ ಇಲ್ಲ. ಯಾರೋ ಎತ್ಕೊಂಡು ಹೋಗಿದ್ದಾರೆ."

ಇಡೀ ಕಂಪನಿಯ ಫೈಲುಗಳು ಇದ್ದದ್ದು ಅದರಲ್ಲೇ. ಅವುಗಳನ್ನು ಹೊಸ ಸರ್ವರಿಗೆ ಸಾಗಿಸುವ ಕೆಲಸ ಎರಡು ತಿಂಗಳಿಂದ ಮುಂದಕ್ಕೆ ಹೋಗುತ್ತಾ ಬಂದಿತ್ತು. ಬೇಡದ್ದನ್ನು ತೆಗೆದುಹಾಕಿ ಎಂದರೆ ಎಲ್ಲರೂ ಮುಂದಿನ ವಾರ ಎನ್ನುತ್ತಿದ್ದರು. ಕೊನೆಗೂ ಗುರುವಾರ ಸಂಜೆ ಜೋವಿನ್ ಕಾಪಿಗೆ ಹಾಕಿ ಮನೆಗೆ ಹೋಗಿದ್ದ. ಈ ವಾರ ಗಿರಾಕಿಗೆ ಒಪ್ಪಿಸಬೇಕಾದ ಡ್ರಾಯಿಂಗುಗಳು ಇನ್ನೂ ಹಳೆಯದರಲ್ಲೇ ಉಳಿದಿದ್ದವು. ಮಧ್ಯಾಹ್ನದೊಳಗೆ ಮಷಿನ್ ಸಿಗದಿದ್ದರೆ ನಿಜವಾದ ಪೊಲೀಸರಿಗೆ ದೂರು ಕೊಡುತ್ತೇನೆಂದು ಅಡ್ಮಿನ್ ಮ್ಯಾನೇಜರ್ ಉರ್ಸುಲಾ ಹೇಳಿಯಾಗಿತ್ತು. ಕೋಣೆಯ ಬೀಗದ ಕೈ ಇದ್ದದ್ದು ಜೋವಿನ್ ಹೆಸರಿನಲ್ಲಿ. ಕೇಸಾದರೆ ಅವನು ದೇಶ ಬಿಡುವಂತಿಲ್ಲ. ಮುಂದಿನ ವಾರ ಮಂಗಳೂರಿನಲ್ಲಿ ಅವನಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ, ಮರುದಿನವೇ ಮದುವೆ.

ಶಂಭುಲಿಂಗಪ್ಪ ಸ್ಥಳ ಪಂಚನಾಮೆಗೆ ಹೊರಟರು. ಬೀಗ ಒಡೆದಿರಲಿಲ್ಲ. ವೈರುಗಳನ್ನು ನಾಜೂಕಾಗಿ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು.

"ಕೀಲಿಕೈ ಎಲ್ಲೈತಿ?"

ಜೋವಿನ್ ನೆಲ ನೋಡಿದ. "ಪ್ಯಾಂಟ್ರಿಯ ಮೊಳೆಯಲ್ಲಿ."

"ಯಾಕ?"

"ಎಸಿ ಸೋರ್ತದೆ ಸರ್. ಕೆಳಗೆ ಬಕೆಟ್ ಇಟ್ಟಿದ್ದೇವೆ. ತುಂಬಿದ್ದು ನೋಡಿದವರು ಚೆಲ್ಲಿ ಬರ್ತಾರೆ."

"ಹಂಗಾರ ಆಫೀಸಿಗೆ ಆಫೀಸೇ ಆರೋಪಿ." ಶಂಭುಲಿಂಗಪ್ಪ ಹಣೆ ಚಚ್ಚಿಕೊಂಡರು. ಒಂದು ಎಸಿ ರಿಪೇರಿ ಮಾಡಿಸಲಾಗದವರು ಹೊಸ ಸರ್ವರ್ ತಂದಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. "ಹೊಸದಕ್ಕ ಏನೇನು ಹೋಗೂದಿಲ್ಲ?"

"ಹಾಡು, ಸಿನಿಮಾ. ಎಂಪಿ3 ಇದ್ದದ್ದೆಲ್ಲ ಬಿಡಬೇಕು. ಹಳೇದನ್ನು ಇವತ್ತು ಅಳಿಸಬೇಕು. ಮೇಡಮ್ ರೂಲ್."

"ಜಗಳಾ ತಗದವರು ಯಾರು?"

"ಎಲ್ಲರೂ ಒಂದೊಂದು ಸಲ ಬೈದು ಹೋದ್ರು. ಸೇಫ್ಟಿಯ ಶಿವಪುತ್ರ ಮಾತ್ರ ಮೂರು ಸಲ ಬಂದ್ರು. ಬೈಲಿಲ್ಲ. ಹಾಡಲ್ಲ, ಮಾತು ಅಂದ್ರು."

"ನೀ ಕೇಳಿ ನೋಡಿದೇನು?"

"ಇಲ್ಲ ಸರ್. ಎಂಪಿ3 ಅಂದ್ರೆ ಎಂಪಿ3, ಖಲಾಸ್ ಅಂದೆ."

ಮುಂದಿನ ವಿಚಾರಣೆ ಗೇಟಿನಲ್ಲಿ ನಡೆಯಿತು. ಶುಕ್ರವಾರ, ಶನಿವಾರ ಆಫೀಸಿಗೆ ರಜೆ. ಶುಕ್ರವಾರ ಪ್ಲಾಂಟಿನ ಹತ್ತಿರದ ಅಲ್ ಖೋರ್ ಕ್ವಾರ್ಟರ್ಸಿನವರನ್ನು ದೋಹಾದ ಪೇಟೆಗೆ ಕರೆತರುವ ಕಂಪನಿ ಬಸ್ಸು ಮಾತ್ರ ಒಳಗೆ ಬಂದು ಹೋಗಿತ್ತು.

"ಶಿವಪುತ್ರ ಬಂದಿದ್ದನೇನು?"

"ಬಂದಿದ್ರು ಸರ್," ಎಂದ ಫವಾಝ್. "ಹೆಲ್ಮೆಟ್ ಬಾಕ್ಸ್ ತಕೊಂಡು ಹೋದ್ರು. ಭಾರ ಅಂತ ನಾನೇ ಒಂದು ಕೈ ಕೊಟ್ಟೆ."

"ಹೆಲ್ಮೆಟ್ ಅಷ್ಟು ಭಾರ ಇರ್ತಾವೇನಪಾ?"

"ಸೇಫ್ಟಿಯವರ ಸಾಮಾನು ಸರ್. ಅವರನ್ನು ಯಾರು ಚೆಕ್ ಮಾಡ್ತಾರೆ?"

ಹತ್ತೂವರೆಗೆ ಶಂಭುಲಿಂಗಪ್ಪ, ಫವಾಝ್ ಇಬ್ಬರೂ ಜೀಪಿನಲ್ಲಿ ಅಲ್ ಖೋರ್ ತಲುಪಿದರು. ಶಿವಪುತ್ರನಿಗೆ ಎರಡನೇ ಪಾಳಿ, ರೂಮಿನಲ್ಲೇ ಇದ್ದ. ಲಿಂಗಸುಗೂರಿನ ಕಡೆಯವನು, ಮಿತಭಾಷಿ. ಕೇಳುವ ಮೊದಲೇ ಮಂಚದ ಕೆಳಗಿಂದ ಪೆಟ್ಟಿಗೆ ಎಳೆದ. ಸರ್ವರಿಗೆ ತನ್ನ ರಗ್ಗನ್ನೇ ಸುತ್ತಿ ಇಟ್ಟಿದ್ದ.

"ಯಾಕ ಒಯ್ದಿ?"

"ಅಳಸ್ತೀವಿ ಅಂದ್ರಲ್ರೀ."

"ಪೆನ್‌ಡ್ರೈವಿಗೆ ಹಾಕ್ಕೋಬೇಕಿತ್ತು."

"ಆಫೀಸಿನ್ಯಾಗ ಅದೂ ಬಂದ್ ಐತ್ರಿ. ಪ್ಲಾಂಟಿನ್ಯಾಗ ಫೋನು ಒಯ್ಯಾಂಗಿಲ್ಲ. ಹೊಸಾ ಮಂದಿಗೆ ಪಾಠದಾಗ ಕೇಳಸೂದು ಅಲ್ಲಿನ ಆಫೀಸ್ ಸ್ಪೀಕರಿನ್ಯಾಗ, ಈ ಸರ್ವರಿನಿಂದನ."

"ಹೊಸದಾಗಿ ಮಾತಾಡಿ ರೆಕಾರ್ಡ್ ಮಾಡಿದ್ರ ಆಗ್ತಿರಲಿಲ್ಲೇನು?"

"ನನ್ನ ಮಾತಾದ್ರ ನೂರು ಸಲ ಮಾಡ್ತಿದ್ದೆ. ಮಾನಶಪ್ಪಂದು ಹ್ಯಾಂಗ ಮಾಡ್ಲಿ ಸಾಹೇಬ್ರ?"

ಮಾನಶಪ್ಪ ಯಾರೆಂದು ದಾರಿಯಲ್ಲಿ ತಿಳಿಯಿತು. ಶಿವಪುತ್ರನ ಊರಿನವನೇ, ಕೂಲಿಯಾಗಿ ಬಂದವನು. ಆಗ ಸುರಕ್ಷತೆಯ ಪಾಠ ಹಿಂದಿಯಲ್ಲಿ ಮಾತ್ರ ನಡೆಯುತ್ತಿತ್ತು. ಪಾಠ ಮುಗಿಸಿ ತಿಳಿಯಿತೇ ಎಂದು ಕೇಳಿದವನು ಶಿವಪುತ್ರನೇ. ಎಲ್ಲರ ಜೊತೆ ಮಾನಶಪ್ಪನೂ ತಲೆಯಾಡಿಸಿದ. ಆಮೇಲೆ ಒಳಗೆ ವಿಷಗಾಳಿ ಇದೆಯೇ ಎಂದು ಪರೀಕ್ಷಿಸದ ಟ್ಯಾಂಕಿಗೆ ಇಳಿದ. ಪ್ರಾಣ ಉಳಿಯಿತು, ಎದೆ ಕೆಟ್ಟಿತು. ಊರಿಗೆ ಹೊರಡುವ ಮುಂಚೆ ಮೈಕಿನ ಮುಂದೆ ಕೂತು ನಡೆದದ್ದನ್ನು ಹೇಳಿಹೋದ. ಊರಲ್ಲಿ ಹೆಚ್ಚು ದಿನ ಬದುಕಲಿಲ್ಲ.

ಹನ್ನೆರಡಕ್ಕೆ ಮುಂಚೆ ಆರೋಪಿ ಮಾಲು ಸಮೇತ ಉರ್ಸುಲಾ ಮುಂದೆ ಹಾಜರಾದ. ಜೋವಿನ್ ವೈರು ಸಿಕ್ಕಿಸಿದ, ಡ್ರಾಯಿಂಗುಗಳು ಸಾಗತೊಡಗಿದವು. ಪೊಲೀಸರಿಗೆ ಫೋನು ಹೋಗಲಿಲ್ಲ. ಆದರೆ ಕಂಪನಿಯ ಮಷಿನ್ ಕದ್ದವನನ್ನು ಇಟ್ಟುಕೊಳ್ಳಲು ಸಾಧ್ಯವಿಲ್ಲ, ವೀಸಾ ರದ್ದು ಎಂದು ಉರ್ಸುಲಾ ಹೇಳಿದರು. ಶಿವಪುತ್ರ ಆಯ್ತು ಎಂದ.

"ಮೇಡಮ್, ಒಂದು ಸಲ ಕೇಳ್ರಿ," ಎಂದರು ಶಂಭುಲಿಂಗಪ್ಪ. ಅವರಿಗೆ ಶಿವಪುತ್ರನ ಮೇಲಿನ ಸಿಟ್ಟು ಆಗಲೇ ಇಳಿದು, ಇಡೀ ಆಫೀಸಿನ ಮೇಲೆ ಏರಿತ್ತು. ಮೂರು ಸಲ ಬಂದು ನಿಂತವನ ಫೈಲನ್ನು ಒಬ್ಬರಾದರೂ ಒಂದು ನಿಮಿಷ ತೆರೆದು ಕೇಳಿರಲಿಲ್ಲ.

ಜೋವಿನ್ ಫೈಲು ತೆರೆದ. ಮೊದಲು ಕೆಮ್ಮು ಕೇಳಿಸಿತು, ಆಮೇಲೆ ದನಿ.

"ನಾ ಮಾನಶಪ್ಪ. ಅವತ್ತ ಸಾಹೇಬ್ರು ಸಮಜ್ ಗಯಾ ಕ್ಯಾ ಅಂದ್ರು. ನನಗ ಏನೂ ತಿಳಿದಿದ್ದಿಲ್ಲ. ಎಲ್ಲಾರೂ ಹೂಂ ಅಂದ್ರು, ನಾನೂ ಹೂಂ ಅಂದೆ. ನೀವು ಅನಬ್ಯಾಡ್ರಿ. ತಿಳಿಲಿಲ್ಲಂದ್ರ ತಿಳಿಲಿಲ್ಲ ಅನ್ರಿ."

ಉರ್ಸುಲಾ ಕೊನೆಯವರೆಗೂ ಕೇಳಿದರು. ಎಂಪಿ3 ರೂಲ್ ತೆಗೆಯಲು ಜೋವಿನ್‌ಗೆ ಹೇಳಿದರು. ವೀಸಾದ ಮಾತನ್ನು ಮತ್ತೆ ಎತ್ತಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

"ಕಾಪಿ ಆದ್ಮೇಲೆ ಹೊಸದರಲ್ಲಿ ಇದು ಕೇಳ್ತದೋ ಇಲ್ವೋ ಅಂತ ಚೆಕ್ ಮಾಡಿ ಹೇಳ್ತೇನೆ, ನೀವು ಹೊರಗೆ ಕೂತ್ಕೊಳ್ಳಿ," ಎಂದ ಜೋವಿನ್.

ಶಿವಪುತ್ರ ಕೂರಲಿಲ್ಲ. ಕಾಪಿ ಮುಗಿಯುವವರೆಗೂ ಅವನ ಕುರ್ಚಿಯ ಹಿಂದೆಯೇ ನಿಂತಿದ್ದ.